ಹೊರಟವರನ್ನ ಎಲ್ಲಿಗೆ ಅಂತ ಕೇಳಿದ ದ್ಯಾವಮ್ಮ

ಬಾ, ಈ ಕಡೆ ತಿರುಗಿ ಮಲಕ್ಕೋ ಕುಸುಮಿ, ಮೊಣಕೈ ತೆಗಿ, ಪಕ್ಕೆಗೆ ಚುಚ್ತಿದೆ. ಬೆಳಿಗ್ಗೆಯಿಂದ ಮುಖ ಊದಿಸ್ಕೊಂಡಿದ್ದೀಯ, ನಂಗೆ ಕಾಣಲ್ವಾ? ನಿಮ್ಮಪ್ಪ ಚಪ್ಪಲಿ ಮೆಟ್ಟಿ ಹೊರಟಾಗ ಎಲ್ಲಿಗಪ್ಪಾ ಅಂತ ಕೇಳಿಬಿಟ್ಟೆ, ಹೊರಟೋರನ್ನ ಹಾಗೆಲ್ಲ ಕೇಳಬಾರದು, ಅಪಶಕುನ ಅಂತ ನಿಮ್ಮಮ್ಮ ಬೈದ್ಲು, ನಿಮ್ಮಪ್ಪ ವಾಪಸ್ ಬಂದು ಕೂತು, ನೀರು ಕುಡಿದು, ಆಮೇಲೆ ಹೋದ. ಅದಕ್ಕಲ್ವಾ ಈ ಸಿಟ್ಟು? ಸರಿ, ಅದರದ್ದೇ ಒಂದು ಕತೆ ಇದೆ. ನಿಮ್ಮ ಸ್ಕೂಲಲ್ಲಿ ಮಹಾಯುದ್ಧ ಅಂತ ಪಾಠ ಮಾಡ್ತಾರಲ್ಲ, ಇಸವಿಯೆಲ್ಲ ಉರು ಹೊಡಿಸ್ತಾರಲ್ಲ, ಅದನ್ನ ನಮ್ಮಮ್ಮ ನಂಗೆ ಹೇಳಿದ್ದು ಹೀಗೆ. ಇಸವಿ ಮಾತ್ರ ನನ್ನ ಕೇಳಬೇಡ. ಹ್ಞೂಂ ಅಂತಿರು, ನಿನ್ನ ಹ್ಞೂಂ ನಿಂತ್ರೆ ಕತೇನೂ ನಿಲ್ಲುತ್ತೆ.

ಒಂದಾನೊಂದು ಕಾಲ, ಅದೂ ಭೂಮಿ ಮೇಲಿನ ರಾಜರೆಲ್ಲ ಒಬ್ಬರಿಗೊಬ್ಬರು ಬೀಗರಾಗಿದ್ದ ಕಾಲ. ಆಗ ಮೂರು ದೊಡ್ಡ ರಾಜ್ಯ ಇದ್ವಂತೆ, ಬಿಸಿಲುಗಡ, ಹೊಳೆಗಡ, ಮಂಜುಗಡ ಅಂತ. ಮೂರೂ ಕಡೆಯ ದಾರಿ ಬಂದು ಕೂಡೋ ಜಾಗದಲ್ಲಿ ದ್ಯಾವಮ್ಮ ಅನ್ನೋಳು ಅರವಟ್ಟಿಗೆ ಇಟ್ಕೊಂಡಿದ್ಲಂತೆ, ಬಿಸಿಲಲ್ಲಿ ನಡೆದು ಬಂದೋರಿಗೆ ಗಡಿಗೆಯಿಂದ ನೀರು, ಮನಸ್ಸು ಬಂದ್ರೆ ಮಜ್ಜಿಗೆ. ಅವಳಿಗೆ ಮೂರು ಜನ ಗಂಡುಮಕ್ಕಳು. ದೊಡ್ಡೋನು ಕರಿಯಪ್ಪ ಬಿಸಿಲುಗಡದ ಲಾಯದಲ್ಲಿ ಕುದುರೆ ನೋಡ್ಕೋತಿದ್ದ, ನಡುವೋನು ಬೆಟ್ಟಯ್ಯ ಹೊಳೆಗಡದಲ್ಲಿ ದೋಣಿ ನಡೆಸ್ತಿದ್ದ, ಚಿಕ್ಕೋನು ಕೆಂಚ ಮಂಜುಗಡದ ಅರಮನೆ ಅಡುಗೆಮನೆಯಲ್ಲಿ ಸೌದೆ ಒಡೀತಿದ್ದ. ಹಬ್ಬಕ್ಕೆ ಮೂವರೂ ಬರೋರು, ಅವ್ವ ಸಾಲಾಗಿ ಮೂರು ಎಲೆ ಹಾಕೋಳು, ಕೆಂಚ ತನ್ನ ಎಲೆಯ ಒಬ್ಬಟ್ಟು ಮುಗಿಸಿ ಅಣ್ಣಂದಿರ ಎಲೆಗೂ ಕೈ ಹಾಕೋನಂತೆ. ನಿನ್ನ ಹಾಗೇನೇ, ನಗಬೇಡ.

ಆ ರಾಜರು ತಮತಮಗೆ ಬೇಕಾದೋರಿಗೆ ವೀಳ್ಯ ಕೊಟ್ಟು ಮಾತು ಕೊಟ್ಟಿದ್ರಂತೆ. ಏನಂತ? ನಿನ್ನ ಕೋಟೆ ಮೇಲೆ ನಗಾರಿ ಮೊಳಗಿದ್ರೆ ನನ್ನ ನಗಾರೀನೂ ಮೊಳಗುತ್ತೆ, ನಿನ್ನ ದಂಡು ಹೊರಟ್ರೆ ನನ್ನ ದಂಡೂ ಹೊರಡುತ್ತೆ, ಎಲ್ಲಿಗೆ ಯಾಕೆ ಅಂತ ನಾನು ಕೇಳೋನಲ್ಲ ಅಂತ. ಹೊರಟೋರನ್ನ ಕೇಳಬಾರದಲ್ಲ, ಅದಕ್ಕೆ. ಅದನ್ನೇ ದೊಡ್ಡ ಸ್ನೇಹ ಅಂದ್ಕೊಂಡಿದ್ರು ಪಾಪ.

ಹೀಗಿರಬೇಕಾದ್ರೆ ಏನಾಯ್ತು, ಬಿಸಿಲುಗಡದ ಯುವರಾಜ ಪಕ್ಕದ ಸಣ್ಣಗಡಕ್ಕೆ ಮೆರವಣಿಗೆ ಹೋದನಂತೆ. ಅಲ್ಲಿನೋರಿಗೆ ಅವನ ಕಂಡ್ರೆ ಆಗ್ತಿರಲಿಲ್ಲ, ಗುಂಪಲ್ಲಿದ್ದ ಒಬ್ಬ ಬಿಸಿರಕ್ತದೋನು ಬಾಣ ಬಿಟ್ಟ, ಯುವರಾಜ ಸತ್ತೇಹೋದ. ಸಾಯಿಸಿದ್ದು ತಪ್ಪೇ, ಅನುಮಾನ ಇಲ್ಲ. ಆದ್ರೆ ಬಿಸಿಲುಗಡದ ರಾಜ ಆ ಒಬ್ಬನ್ನ ಹಿಡಿಯೋದು ಬಿಟ್ಟು ಇಡೀ ಸಣ್ಣಗಡಕ್ಕೆ ಬುದ್ಧಿ ಕಲಿಸ್ತೀನಿ ಅಂತ ನಗಾರಿ ಬಾರಿಸಿದ. ಸಣ್ಣಗಡಕ್ಕೆ ಹೊಳೆಗಡದವನು ವೀಳ್ಯ ಕೊಟ್ಟಿದ್ದ, ಅಲ್ಲೂ ನಗಾರಿ. ಹೊಳೆಗಡಕ್ಕೆ ಮಂಜುಗಡದವನು ಕೊಟ್ಟಿದ್ದ, ಆಮೇಲೆ ಅಲ್ಲೂ ನಗಾರಿ. ಮಂಜುಗಡದವನು ಸಮುದ್ರದಾಚೆ ಎಷ್ಟೋ ಊರುಗಳನ್ನ ಆಳ್ತಿದ್ದ, ಆ ಊರಿನ ಹುಡುಗರನ್ನೂ ಹಡಗು ಹತ್ತಿಸಿ ಕರ್ಕೊಂಡು ಬಂದ. ಇದು ಯಾರ ಜಗಳ ಅಂತ ಆ ಮಕ್ಕಳಿಗೆ ಗೊತ್ತೂ ಇರಲಿಲ್ಲ.

ಅವತ್ತು ಹಬ್ಬ, ಮೂರು ಮಕ್ಕಳೂ ಅವ್ವನ ಮನೇಲೇ ಇದ್ರಂತೆ. ನಗಾರಿ ಕೇಳಿದ್ದೇ ಉಣ್ಣೋದು ಬಿಟ್ಟು ಎದ್ರು. ದ್ಯಾವಮ್ಮನ ಗಂಟಲ ತನಕ ಮಾತು ಬಂದಿತ್ತು, ಎಲ್ಲಿಗ್ರೋ ಅಂತ. ಕೇಳಿದ್ರೆ ಅಪಶಕುನ, ಮಕ್ಕಳಿಗೆ ಏನಾದ್ರೂ ಆದ್ರೆ ಅಂತ ತುಟಿ ಕಚ್ಕೊಂಡು ಬುತ್ತಿ ಕಟ್ಟಿ ಕೊಟ್ಲು. ಅಣ್ಣ ತಮ್ಮಂದಿರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಮುಂದಿನ ಹಬ್ಬದೊಳಗೆ ಬಂದುಬಿಡ್ತೀವಿ ಅವ್ವ ಅಂತ ಮೂವರೂ ಮೂರು ದಾರಿ ಹಿಡಿದ್ರು. ದೊಡ್ಡೋನು ಒಂದು ಕಡೆಯ ದಂಡಿಗೆ, ಚಿಕ್ಕೋರಿಬ್ಬರು ಎದುರು ದಂಡಿಗೆ ಹೋಗ್ತಿದ್ದಾರೆ ಅಂತ ಆ ತಾಯಿಗೆ ಗೊತ್ತೇ ಆಗಲಿಲ್ಲ ಕಣೆ.

ಆಮೇಲೆ ಯುದ್ಧ ಅಂದ್ರೆ ಎಂಥಾ ಯುದ್ಧ ಅಂತೀಯ. ಇವರೊಂದು ಕಾಲುವೆ ತೋಡಿದ್ರು, ಅವರೊಂದು ಕಾಲುವೆ ತೋಡಿದ್ರು, ಹೆಗ್ಗಣದ ಹಾಗೆ ಅದರೊಳಗೇ ವಾಸ, ಮಳೆ ಬಂದ್ರೆ ಮೊಣಕಾಲು ತನಕ ಕೆಸರು. ಇವತ್ತು ಇವರು ಒಂದು ಗದ್ದೆ ಗೆದ್ರೆ ನಾಳೆ ಅವರು ಅದೇ ಗದ್ದೆ ಗೆಲ್ಲೋರು, ನಡುವೆ ಹೆಣ ಬೀಳ್ತಾನೇ ಇತ್ತು. ಹಬ್ಬ ಬಂತು, ಹೋಯ್ತು, ಮತ್ತೊಂದು ಬಂತು. ಕೊನೆಗೆ ಸಮುದ್ರದ ಆಚೆದಡದ ರಾಜ, ದವಸಕ್ಕೂ ಮಂದಿಗೂ ಕೊರತೆ ಇಲ್ಲದೋನು, ಮಂಜುಗಡದವನ ಕಡೆ ಸೇರ್ಕೊಂಡ ಮೇಲೆ ಬಿಸಿಲುಗಡ ಸೋತುಹೋಯ್ತು. ಅಷ್ಟರಲ್ಲಿ ಎಷ್ಟೋ ರಾಜರ ಕಿರೀಟ ಉರುಳಿತ್ತಂತೆ, ಹೊಳೆಗಡದಲ್ಲಿ ಹಸಿದ ಜನಾನೇ ಎದ್ದು ತಮ್ಮ ರಾಜನ್ನ ಇಳಿಸಿಬಿಟ್ಟಿದ್ರಂತೆ.

ಅರವಟ್ಟಿಗೆಗೆ ಇಬ್ಬರೇ ವಾಪಸ್ ಬಂದಿದ್ದು. ಕರಿಯಪ್ಪನಿಗೆ ಬಲಗೈ ಇರಲಿಲ್ಲ. ಕೆಂಚ ಬರಲೇ ಇಲ್ಲ. ಯಾರ ಕೈಯಲ್ಲಿ ಸತ್ತ ಅಂತ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ. ಅಣ್ಣ ತಮ್ಮ ಒಂದೇ ಮನೇಲಿ ಇದ್ರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು ಉಣ್ಣೋರಂತೆ.

ಹ್ಞೂಂ ಅನ್ನೇ. ಹಾಂ, ಎದ್ದಿದ್ದೀಯ.

ಗೆದ್ದೋರು ಆಗ ಏನು ಮಾಡಬೇಕಿತ್ತು, ಸೋತೋರ್ನೂ ಕೂರಿಸ್ಕೊಂಡು ಮಾತಾಡಬೇಕಿತ್ತು. ಮಾಡಲಿಲ್ಲ. ಬಿಸಿಲುಗಡದವರನ್ನ ಕೂರೋಕೂ ಹೇಳದೆ ನಿಲ್ಲಿಸಿ, ತಪ್ಪೆಲ್ಲ ನಮ್ದೇ ಅಂತ ಒಪ್ಪಿಸಿ, ಹೊಲ ಗದ್ದೆ ಕಿತ್ಕೊಂಡು ಕಳಿಸಿದ್ರು. ಆಚೆದಡದವನು ಒಳ್ಳೇ ಮಾತು ಹೇಳಿದ, ಎಲ್ಲರೂ ಕೂತು ಮಾತಾಡೋಕೆ ಒಂದು ಕಟ್ಟೆ ಕಟ್ಟೋಣ ಅಂತ. ಎಲ್ಲ ಸೇರಿ ಕಟ್ಟಿದ್ರು. ಕಟ್ಟಿದ ಮೇಲೆ ಅವನೇ ಬರಲಿಲ್ಲ ನೋಡು! ನಮ್ಮೂರಲ್ಲಿ ಕೆಲಸ ಇದೆ ಅಂದನಂತೆ. ಆಮೇಲೆ ಒಬ್ಬೊಬ್ಬರೇ ಬರೋದು ಬಿಟ್ರು, ಕಟ್ಟೆ ಮೇಲೆ ಹುಲ್ಲು ಬೆಳೀತು.

ಬಿಸಿಲುಗಡದ ಮಕ್ಕಳು ಹಸಿವು ಅವಮಾನ ಎರಡೂ ಉಂಡು ಬೆಳೆದ್ರು. ಅಂಥಾ ಕಡೆ ಮಾತಿನಮಲ್ಲರಿಗೆ ಬರ ಇರುತ್ತಾ? ಒಬ್ಬ ಎದ್ದು ನಿಂತು ನಿಮ್ಮ ಕಷ್ಟಕ್ಕೆಲ್ಲ ಆ ನೆರೆಮನೆಯೋರೇ ಕಾರಣ ಅಂತ ಕೂಗಿದ, ಜನ ಹೌದೌದು ಅಂದ್ರು, ಎರಡನೇ ಸಲ ನಗಾರಿ ಮೊಳಗ್ತು. ಅಷ್ಟೊತ್ತಿಗೆ ಬೆಟ್ಟಯ್ಯನ ಮಗ ದೊಡ್ಡೋನಾಗಿ ಅಪ್ಪನ ಹಾಗೇ ಹೊಳೆಗಡದಲ್ಲಿ ದೋಣಿ ನಡೆಸ್ತಿದ್ದ, ಅವನೂ ಹೊರಟ. ದ್ಯಾವಮ್ಮ ಈ ಸಲ ಕೇಳೇಬಿಡ್ತೀನಿ ಅಂತ ಹೊಸಿಲ ತನಕ ಬಂದ್ಲು, ಧೈರ್ಯ ಬರೋಷ್ಟರಲ್ಲಿ ಅವನು ತಿರುವು ದಾಟಿದ್ದ. ಅವನೂ ಬರಲಿಲ್ಲ. ಆ ಯುದ್ಧ ಮೊದಲಿನದಕ್ಕಿಂತ ಕೆಟ್ಟದ್ದು, ಹೆಂಗಸರು ಮಕ್ಕಳು ಅಂತ ನೋಡಲಿಲ್ಲ, ಕೊನೆಗೆ ಆಕಾಶದಿಂದ ಎಂಥದೋ ಬೆಂಕಿ ಬಿದ್ದು ಊರಿಗೆ ಊರೇ ಇಲ್ಲದ ಹಾಗಾಯ್ತಂತೆ. ಅದನ್ನ ಮಲಗೋ ಹೊತ್ತಲ್ಲಿ ಹೇಳಲ್ಲ, ಬಿಡು.

ಬಿಸಿಲುಗಡ ಮತ್ತೆ ಸೋತು ಯುದ್ಧ ನಿಂತ ಮೇಲೆ ಒಂದು ಸಂಜೆ ಮಕ್ಕಳಿಬ್ಬರೂ ಬೆನ್ನು ಹಾಕಿ ಉಣ್ತಾ ಇರಬೇಕಾದ್ರೆ ದ್ಯಾವಮ್ಮ ಸೌಟು ಕೆಳಗಿಟ್ಟು, ಕರಿಯಾ, ನನ್ನ ಕೆಂಚನ್ನ ನೀನು ಹೊಡೆದ್ಯಾ ಅಂತ ಕೇಳಿಬಿಟ್ಲು. ಕರಿಯಪ್ಪ ತುತ್ತು ಎಲೆಗೆ ಹಾಕಿ ಅಳೋಕೆ ಶುರು ಮಾಡಿದ. ಗೊತ್ತಿಲ್ಲ ಕಣವ್ವ, ಎದುರಿಗಿರೋರು ಯಾರು ಅಂತ ನಮಗೆ ಕಾಣ್ತಾನೇ ಇರಲಿಲ್ಲ, ಇಷ್ಟು ವರ್ಷ ನಾನೂ ಅದನ್ನೇ ಕೇಳ್ಕೋತಿದ್ದೀನಿ ಅಂದ. ಬೆಟ್ಟಯ್ಯ ತನ್ನ ಎಲೆ ಎತ್ಕೊಂಡು ಬಂದು ಅಣ್ಣನ ಎದುರಿಗೆ ಕೂತ. ನೋಡಿದ್ಯಾ, ಕೇಳಿದ್ದಕ್ಕೆ ಯಾರೂ ಸಾಯಲಿಲ್ಲ.

ಆಮೇಲೆ ಏನಾಯ್ತಪ್ಪಾ ಅಂದ್ರೆ, ಹಳೇ ದೊಡ್ಡೋರೆಲ್ಲ ಸುಸ್ತಾಗಿದ್ರು. ಮಂಜುಗಡದವನ ಕೈಕೆಳಗಿದ್ದ ಊರಿನೋರು, ನಮ್ಮ ಹುಡುಗರು ನಿನಗೋಸ್ಕರ ಸತ್ತಿದ್ದು ಸಾಕು, ಇನ್ನು ನಮ್ಮೂರು ನಮಗೆ ಬಿಡು ಅಂತ ಎದ್ದು ನಿಂತ್ರು, ಬಿಡಿಸ್ಕೊಂಡ್ರು. ಈಗ ಜೋರು ಯಾರದ್ದು ಅಂದ್ರೆ ಆಚೆದಡದವರದ್ದು, ಹೊಳೆಗಡದವರದ್ದು. ಇಬ್ಬರ ಹತ್ತಿರಾನೂ ಆ ಆಕಾಶದ ಬೆಂಕಿ. ಒಬ್ಬರನ್ನೊಬ್ಬರು ಗುರಾಯಿಸಿ ಗುರಾಯಿಸಿ ಒಂದು ದಿನ ಮೂರನೇ ಸಲ ನಗಾರಿ ಮೊಳಗೇ ಬಿಡ್ತು. ಆ ಮನೇಲಿ ಉಳಿದಿದ್ದ ಮೊಮ್ಮಗ ಅಂದ್ರೆ ಕರಿಯಪ್ಪನ ಮಗ ಸಿದ್ದ ಒಬ್ಬನೇ. ಅವನೂ ಹೊಳೆಗಡದ ದಂಡು ಸೇರಿದ್ದ.

ಎರಡೂ ದಂಡು ಆ ಮೂರು ದಾರಿ ಕೂಡೋ ಜಾಗಕ್ಕೇ ಬರಬೇಕಿತ್ತು. ದ್ಯಾವಮ್ಮ ಹಣ್ಣು ಮುದುಕಿ, ನೀರಿನ ಗಡಿಗೆ ತಂದು ನಟ್ಟ ನಡು ದಾರೀಲಿ ಇಟ್ಟು, ಅದರ ಪಕ್ಕ ಕಾಲು ಚಾಚಿ ಕೂತ್ಲಂತೆ. ಹೊಳೆಗಡದ ದಂಡು ಬಂತು, ಮುಂದಿನ ಸಾಲಲ್ಲೇ ಸಿದ್ದ. ಅವಳು ಗಟ್ಟಿಯಾಗಿ ಕೇಳಿದ್ಲು, ಎಲ್ಲಿಗೆ ಹೊರಟ್ಯೋ ಸಿದ್ದಾ? ಯಾಕೋ?

ಅಯ್ಯೋ! ದಂಡಿಗೆ ದಂಡೇ ನಿಂತುಬಿಡ್ತು. ದಳವಾಯಿ ಹಲ್ಲು ಕಡಿದ, ಆದ್ರೆ ಎಂಥಾ ದಳವಾಯಿ ಆದ್ರೂ ಅಪಶಕುನ ಅಂದ್ರೆ ಹೆದರಿಕೆ ಇರಲ್ವಾ? ಕೇಳಿಸ್ಕೊಂಡ ಮೇಲೆ ಹಾಗೇ ಹೋಗೋ ಹಾಗಿಲ್ಲ, ಕೂತು ನೀರು ಕುಡಿದೇ ಹೋಗಬೇಕು. ಕೂತ್ರು, ಕುಡಿದ್ರು, ಎದ್ರು. ಎಲ್ಲಿಗ್ರಪ್ಪಾ, ಯಾಕೆ? ಮತ್ತೆ ಕೂತ್ರು. ಆ ಕಡೆಯಿಂದ ಆಚೆದಡದ ದಂಡು ಬಂತು, ಅವರಿಗೂ ಅದೇ ಪ್ರಶ್ನೆ, ಅವರೂ ಕೂತ್ರು. ಬೆಟ್ಟಯ್ಯ ಬಾವಿಯಿಂದ ನೀರು ಸೇದೋದು, ಕರಿಯಪ್ಪ ಒಂದೇ ಕೈಯಲ್ಲಿ ಹೊರೋದು. ಎಷ್ಟು ಹೊತ್ತು ಅಂತ ಸುಮ್ಮನೆ ಕೂರ್ತಾರೆ? ಈ ದಂಡಿನೋನು ಆ ದಂಡಿನೋನ್ನ ಕೇಳಿದ, ನೀನ್ಯಾಕೆ ಬಂದೆ? ನೀನು ಬಂದೆ ಅಂತ ಬಂದೆ. ನಾನೂ ನೀನು ಬಂದೆ ಅಂತಾನೇ ಬಂದಿದ್ದು! ಎರಡೂ ಕಡೆಯ ದಳವಾಯಿಗಳು ತಮ್ಮನ್ನ ಆಳೋರಿಗೆ ಹೇಳಿ ಕಳಿಸಿದ್ರು, ಯಾಕೆ ಅಂತ ಕೇಳ್ತಿದ್ದಾರೆ, ಏನು ಹೇಳಲಿ ಅಂತ. ಎರಡೂ ಕಡೆ ಆಳೋರು ಅಲ್ಲಿಗೇ ಬರಬೇಕಾಯ್ತು, ಕೂರಬೇಕಾಯ್ತು, ಮಾತಾಡಬೇಕಾಯ್ತು.

ಅವತ್ತು ದಂಡು ಬಂದ ದಾರೀಲೇ ತಿರುಗಿ ಹೋಯ್ತು. ಆಮೇಲೆ ಎಲ್ಲ ರಾಜ್ಯದೋರೂ ಸೇರಿ ಆ ಜಾಗದಲ್ಲೇ ಹೊಸ ಕಟ್ಟೆ ಕಟ್ಟಿದ್ರಂತೆ, ಗೆದ್ದೋರಿಗೂ ಸೋತೋರಿಗೂ ಸಣ್ಣಗಡದೋರಿಗೂ ಜಾಗ ಇಟ್ಟು. ಯಾರೇ ದಂಡು ಕಟ್ಕೊಂಡು ಹೊರಡಲಿ, ಮೊದಲು ಅಲ್ಲಿ ಕೂತು ನೀರು ಕುಡಿದು ಯಾಕೆ ಅಂತ ಹೇಳಿ ಹೋಗಬೇಕು. ದೊಡ್ಡೋರು ಕೆಲವು ಸಲ ಕಳ್ಳದಾರಿ ಹಿಡೀತಾರೆ, ಇಲ್ಲ ಅನ್ನಲ್ಲ. ಆದ್ರೂ ಆ ಬೆಂಕಿ ಮತ್ತೆ ಬಿದ್ದಿಲ್ಲ.

ಮುಂದಿನ ಹಬ್ಬಕ್ಕೆ ದ್ಯಾವಮ್ಮನ ಮನೇಲಿ ಎಲ್ಲರೂ ಎದುರು ಬದುರು ಕೂತು ಉಂಡ್ರು, ಸಿದ್ದಾನೂ. ಕೆಂಚನ ಎಲೇನೂ ಹಾಕಿದ್ಲು, ದಾರೀಲಿ ಹಸಿದು ಹೋಗ್ತಿದ್ದ ಯಾವುದೋ ಹುಡುಗನ್ನ ಕರೆದು ಅಲ್ಲಿ ಕೂರಿಸಿದ್ಲು. ಅವನು ಬಿಸಿಲುಗಡದೋನಂತೆ. ಒಬ್ಬಟ್ಟು ಬಡಿಸ್ತಾ, ಎಲ್ಲಿಗೆ ಹೊರಟಿದ್ದೀಯ ಮಗಾ ಅಂತ ಕೇಳಿದ್ಲು. ಮನೆಗೆ ಕಣವ್ವ ಅಂದನಂತೆ.

ಅಷ್ಟೇ ಕಣೆ. ನಾಳೆ ನಿಮ್ಮಪ್ಪ ಹೊರಟಾಗ ಕೇಳು, ನಿಮ್ಮಮ್ಮಂಗೆ ನಾನು ಹೇಳ್ತೀನಿ. ಒಂದು ಲೋಟ ನೀರು ತಾನೇ, ಕುಡಿದು ಹೋಗ್ಲಿ. ಕತೇನೂ ನೀರು ಕುಡಿದು ಮಲಗ್ತು, ನೀನೂ ಮಲಕ್ಕೋ.