ಹಲ್ಲಿಯ ಸಂಪಾದಕೀಯ

ಗೋಡೆ ನಿಂತಿರುವುದೇ ತಾನು ಅಂಟಿಕೊಂಡಿರುವುದರಿಂದ ಎಂದು ನಂಬಿದ್ದ ಹಲ್ಲಿಯೊಂದು ‘ಭದ್ರಭಿತ್ತಿ’ ಎಂಬ ವಾರಪತ್ರಿಕೆ ನಡೆಸುತ್ತಿತ್ತು. “ಕಿಟಕಿ ತೆರೆದರೆ ಗೋಡೆ ಬಿದ್ದೀತು, ಮನೆತನ ಹಾರಿಹೋದೀತು!” ಪ್ರತಿ ವಾರವೂ ಅದೇ ಸಂಪಾದಕೀಯ. ಬರೆದು ಮುಗಿಸಿ ತಾನೇ ಲೊಚಗುಟ್ಟುತ್ತಿತ್ತು. ಹಲ್ಲಿ ಲೊಚಗುಟ್ಟಿದ ಮಾತು ಸುಳ್ಳಾದೀತೇ? ದೀಪದ ಹುಳುಗಳು ತಲೆದೂಗುತ್ತ ಓದಲು ಹತ್ತಿರ ಬರುತ್ತಿದ್ದವು. ಒಂದೆರಡನ್ನು ಹಲ್ಲಿ ಚಂದಾ ಎಂದು ನುಂಗಿಕೊಳ್ಳುತ್ತಿತ್ತು.

ಒಂದು ದಿನ ಮನೆಯವರು ಕಿಟಕಿ ತೆರೆದರು. ಗಾಳಿ ಬಂತು, ಬೆಳಕು ಬಂತು, ಗೋಡೆ ಮಿಸುಕಲಿಲ್ಲ.

ಇದನ್ನು ಕಂಡ ಕಟ್ಟಿರುವೆಯೊಂದಕ್ಕೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಳಗವನ್ನು ಕಟ್ಟಿಕೊಂಡು ಗೋಡೆ ಹತ್ತಿ, ಹಲ್ಲಿಯನ್ನು ಮೂಲೆಗೆ ಒತ್ತರಿಸಿ ಕೇಳಿತು: “ಸಂಪಾದಕರೇ, ಗೋಡೆ ನಿಂತೇ ಇದೆಯಲ್ಲ, ಏನಂತೀರಿ?”

“ಇರುವೆಗಳು ಈ ಮನೆಯವೇ ಅಲ್ಲ!” ಎಂದ ಹಲ್ಲಿ, ಬಾಲ ಕಳಚಿ ಕೆಳಗೆ ಬೀಳಿಸಿ ಟ್ಯೂಬ್‌ಲೈಟಿನ ಮರೆಗೆ ಓಡಿತು.

ಬಾಲ ನೆಲದ ಮೇಲೆ ವಿಲವಿಲ ಒದ್ದಾಡಿತು. ಬಳಗವೆಲ್ಲ ದಡದಡನೆ ಇಳಿದು ಅದಕ್ಕೆ ಮುತ್ತಿಕೊಂಡಿತು. “ನಾವು ಈ ಮನೆಯವರಲ್ಲವಂತೆ! ಖಂಡಿಸಲೇಬೇಕು!” ಎಂದು ಒಂದು ಗುಂಪು ಆ ಕಡೆ ಎಳೆಯಿತು. “ಬರೀ ಖಂಡಿಸಿದರೆ ಸಾಲದು!” ಎಂದು ಇನ್ನೊಂದು ಈ ಕಡೆ ಎಳೆಯಿತು.

“ಅಯ್ಯೋ, ಅದು ಬರೀ ಬಾಲ ಕಣ್ರೋ! ಹಲ್ಲಿ ಮೇಲಿದೆ!” ಕಟ್ಟಿರುವೆ ಬಳಗದತ್ತ ಓಡಿತು, ಗೋಡೆಯತ್ತ ಓಡಿತು, ಮತ್ತೆ ಬಳಗದತ್ತ ಓಡಿತು. ಯಾರೂ ತಲೆ ಎತ್ತಲಿಲ್ಲ.

ಬಾಲ ಗೂಡು ಸೇರುವ ಹೊತ್ತಿಗೆ ಹೊಸ ಸಂಚಿಕೆ ಬಂದಿತ್ತು: “ಬಾಗಿಲು ತೆರೆದರೆ ಗೋಡೆ ಬಿದ್ದೀತು!” ಹುಳುಗಳು ತಲೆದೂಗಿದವು. ಹಲ್ಲಿಗೆ ಹೊಸ ಬಾಲ ಚಿಗುರಿತ್ತು. ಅದನ್ನು ಮೆಲ್ಲಗೆ ಅಲ್ಲಾಡಿಸುತ್ತ ಅದು ಇರುವೆಗಳ ದಾರಿ ಕಾಯುತ್ತಿತ್ತು.