ಜಟ್ಟಿ ಬಣ್ಣ ತೊಳೆದದ್ದು

ಶರಾವತಿ ಹೊಳೆ ಸಮುದ್ರ ಸೇರುವ ಕಡೆ ಒಂದು ಊರು. ಆ ಊರಲ್ಲಿ ಮಾಸ್ತಮ್ಮ ಅಂತ ಒಬ್ಬಳು, ಅವಳಿಗೊಬ್ಬ ಮಗ ಜಟ್ಟಿ. ಜಟ್ಟಿಗೆ ಮೀಸೆ ಬಂದು ಎಷ್ಟೋ ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ತಾಪತ್ರಯ ಅಲ್ಲೇ. "ಒಲೆ ಮೇಲೆ ಹಾಲಿದೆ, ಉಕ್ಕುತ್ತದಾ ನೋಡು" ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡಿ, "ಹೌದವ್ವ, ಉಕ್ತು" ಅಂತ ಬಂದು ಹೇಳುವ ಆಸಾಮಿ.

ಮಾಸ್ತಮ್ಮನ ಕಸುಬು ಸುಳ್ಳು ಮೀನು ಮಾಡುವುದು. ಮರದಲ್ಲಿ ಬೆರಳುದ್ದದ ಮೀನು ಕೆತ್ತಿ, ಬಣ್ಣ ಹೊಡೆದು, ಹೊಟ್ಟೆಗೆ ಗಾಳದ ಕೊಕ್ಕೆ ಸಿಕ್ಕಿಸುತ್ತಿದ್ದಳು. ನೀರಲ್ಲಿ ಎಳೆದರೆ ದೊಡ್ಡ ಮೀನು ಅದನ್ನೇ ತಿಂಡಿ ಅಂದುಕೊಂಡು ಬಾಯಿ ಹಾಕುತ್ತಿತ್ತು. ಬಣ್ಣ ಹೊಡೆಯಲು ಅವಳ ಹತ್ತಿರ ಪೆನ್ನಿನಷ್ಟು ಸಪೂರದ ಸ್ಪ್ರೇ ಗನ್ನಿತ್ತು. ಮೇಲೊಂದು ಪುಟ್ಟ ಬಟ್ಟಲು, ಮುಂದೊಂದು ಚೂಪು ಮೂತಿ, ಹಿಂದೆ ಗಾಳಿ ಮಷೀನಿನ ಪೈಪು.

ಆ ಸಲ ಅವಳು ದೋಣಿ ಇಳಿಯುವಾಗ ಜಾರಿ ಬಲಗೈ ಮುರಿದುಕೊಂಡಳು. ಕೈಗೆ ಪ್ಲಾಸ್ಟರ್ ಬಿತ್ತು. ಮೀನು ಕೆತ್ತಿ ಆಗಿತ್ತು, ಬಣ್ಣ ಬಾಕಿ. ಅವನ್ನು ಕೊಳ್ಳುವವರು ಕಾರವಾರದಲ್ಲಿ ಗಾಳದ ಅಂಗಡಿ ಇಟ್ಟ ಶಾನಭಾಗರು. "ಈ ಸಲ ತಡವಾದರೆ ಗೋವಾದಿಂದ ಪ್ಲಾಸ್ಟಿಕ್ ಮೀನು ತರಿಸಿಬಿಡ್ತೇನೆ, ಆಮೇಲೆ ಮರದ್ದು ಬೇಡ" ಅಂದಿದ್ದರು. ಬೇರೆ ದಾರಿ ಕಾಣದೆ ಮಾಸ್ತಮ್ಮ ಮಗನನ್ನು ಕರೆದಳು.

"ತಮಾ, ಮೊದಲು ಬಿಳಿ ಹೊಡಿ, ಆಮೇಲೆ ಕಿವಿರಿಗೆ ಕೆಂಪು, ಬೆನ್ನಿಗೆ ಕಪ್ಪು, ಕೊನೆಗೆ ಕಣ್ಣಿಗೆ ಹಳದಿ. ಬಣ್ಣ ಬದಲಿಸೋ ಮುಂಚೆ ಚೊಕ್ಕ ತೊಳಿ, ಮರೀಬೇಡ."

"ಹೂಂ" ಅಂದ ಜಟ್ಟಿ.

ಬಿಳಿ ಹೊಡೆದ. ಎಷ್ಟು ಚಂದ ಹೊಡೆದ ಅಂದರೆ ಅವಳಿಗೇ ಆಶ್ಚರ್ಯ. ಅವಳು ಒಳಗೆ ಹೋಗಿ ಒಂದು ಗಳಿಗೆ ಅಡ್ಡಾಗಿ ಬರುವಷ್ಟರಲ್ಲಿ ಅವನು ಮೀನೆಲ್ಲ ಬುಟ್ಟಿಗೆ ತುಂಬಿ ಹೊಳೆಗೆ ಒಯ್ದು, ತೆಂಗಿನ ಗುಂಜು ಹಾಕಿ ತಿಕ್ಕುತ್ತ ಕೂತಿದ್ದ. ಮರ ಕಾಣುತ್ತಿತ್ತು.

"ಏನೋ ಇದು?"

"ಚೊಕ್ಕ ತೊಳಿ ಅಂದ್ಯಲ್ಲ."

"ಮೀನನ್ನಲ್ಲ ಮಾರಾಯ, ಗನ್ನನ್ನ! ಬಟ್ಟಲಿಗೆ ನೀರು ಹಾಕು, ಬಿಳೀ ಬಟ್ಟೆ ಕಂಡಲ್ಲಿ ಅದರ ಮೇಲೆ ಬಿಡು. ಬಣ್ಣ ಹೋಗಿ ಬರೀ ನೀರು ಬರೋವರೆಗೂ ಬಿಡ್ತಾ ಇರು."

"ಹೂಂ."

ಮಾರನೇ ದಿನ ಮಾಸ್ತಮ್ಮ ಕೈ ತೋರಿಸಲು ಹೊನ್ನಾವರದ ಆಸ್ಪತ್ರೆಗೆ ಹೋದಳು. ಜಟ್ಟಿ ಮತ್ತೆ ಬಿಳಿ ಹೊಡೆದ, ಗನ್ನು ತೊಳೆದ, ಕೆಂಪು ಹೊಡೆದ. ಕಪ್ಪಿಗೆ ಮುಂಚೆ ಮತ್ತೆ ತೊಳೆಯಬೇಕು. ಬಿಳೀ ಬಟ್ಟೆ ಹುಡುಕಿದ. ಅಷ್ಟರಲ್ಲಿ ಶಾನಭಾಗರೇ ಬಂದರು, ಹಾಲಿನಂಥ ಪಂಚೆ ಉಟ್ಟುಕೊಂಡು. ಜಗಲಿಯಲ್ಲಿ ಒಣಗಲು ಇಟ್ಟ ಮೀನು ನೋಡಲೆಂದು ಬಗ್ಗಿದರು. ಜಟ್ಟಿಯ ಮೂಗಿನೆದುರೇ ಅಗಲವಾಗಿ ಬಿಳೀ ಬಟ್ಟೆ.

ಬಿಟ್ಟ. ಮೊದಲು ಕೆಂಪು ಬಂತು, ಆಮೇಲೆ ಗುಲಾಬಿ, ಆಮೇಲೆ ಬರೀ ನೀರು.

"ಇಲ್ಲೇನು ಸೋರ್ತದಾ?" ಅಂತ ಶಾನಭಾಗರು ತಲೆ ಎತ್ತಿ ಮಾಡು ನೋಡಿದರು.

"ಇಲ್ಲ ಸಾವ್ಕಾರ್ರೇ, ಈಗ ಚೊಕ್ಕ ಆಯ್ತು" ಅಂದ ಜಟ್ಟಿ.

ಅವರು ಹಾಗೇ ದೋಣಿ ಹತ್ತಿದರು. ದೋಣಿಯಲ್ಲಿ ಒಬ್ಬಳು ಮುದುಕಿ ಅವರ ಹಿಂಭಾಗವನ್ನೇ ಮರುಕದಿಂದ ನೋಡಿ, ಎಲ್ಲರಿಗೂ ಕೇಳುವ ಹಾಗೆ ಮೂಲವ್ಯಾಧಿಗೆ ಮೂಲಂಗಿ ರಸದ ಮದ್ದು ಹೇಳಿಕೊಟ್ಟಳು. ಅದೇ ಸುದ್ದಿ ದಡದಲ್ಲಿ ಮಾಸ್ತಮ್ಮನ ಕಿವಿಗೆ ಬಿತ್ತು. ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದಳು.

"ಉಟ್ಟ ಬಟ್ಟೆಗೆ ಯಾರಾದರೂ ಬಣ್ಣ ಹಾರಿಸ್ತಾರೇನೋ? ಇನ್ನು ಉಟ್ಟ ಬಟ್ಟೆಗೆ ಒಂದು ಹನಿ ಬಣ್ಣ ತಾಗಲಿ, ನಿನ್ನ ಚರ್ಮ ಸುಲೀತೇನೆ."

"ಹೂಂ."

ಮಾರನೇ ಬೆಳಿಗ್ಗೆ ಹೊಳೆಯಲ್ಲಿ ಚಿಪ್ಪಿಕಲ್ಲು ಆರಿಸಲು ಹೊರಟ ಹೆಂಗಸರು ಮಾಸ್ತಮ್ಮನನ್ನು ಮಾತಾಡಿಸೋಣ ಅಂತ ಅಂಗಳಕ್ಕೆ ಬಂದರು. ಬಂದವರು ಬುಟ್ಟಿ ಅಲ್ಲೇ ಬಿಟ್ಟು ತಿರುಗಿ ಓಡಿದರು. ಮಾಸ್ತಮ್ಮ ಹೊರಗೆ ಬಂದು ನೋಡಿದರೆ, ಜಟ್ಟಿ ಹುಟ್ಟಿದ ಹಾಗೇ ನಿಂತು ಮೀನಿನ ಬೆನ್ನಿಗೆ ಕಪ್ಪು ಹೊಡೆಯುತ್ತಿದ್ದಾನೆ. ಲುಂಗಿ, ಬನಿಯನ್ ಎರಡೂ ಗೂಟದ ಮೇಲೆ.

"ನೋಡವ್ವ, ಒಂದು ಹನಿ ತಾಗಿಲ್ಲ."

ಅವಳು ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ, ಅವಳಿಗೇ ಗೊತ್ತಾಗಲಿಲ್ಲ. "ಲುಂಗಿ ಸುತ್ಕೋ ಮೊದಲು" ಅಂದಳು. "ಬಣ್ಣ ತಾಗಿದರೆ ತಾಗಲಿ."

ಇಷ್ಟೆಲ್ಲ ಆಗುವಾಗ ಗನ್ನಿನೊಳಗೆ ಕಪ್ಪು ಬಣ್ಣ ಕಟ್ಟಿಕೊಂಡಿತ್ತು. ಕೆಮ್ಮಿತು, ಉಗುಳಿತು, ಸುಮ್ಮನಾಯಿತು. ಕಣ್ಣಿಗೆ ಹಳದಿ ಇಡುವುದು ಇನ್ನೂ ಬಾಕಿ. ಶಾನಭಾಗರು ಮಾಲು ಒಯ್ಯಲು ಸಂಜೆಗೇ ಬರುವವರು. ಹೇಳಿದರೆ ಆಗದು ಅಂತ ಈ ಸಲ ಮಾಸ್ತಮ್ಮ ಪಕ್ಕದಲ್ಲೇ ಕೂತಳು. ಎಡಗೈಯಲ್ಲೇ ಬಟ್ಟಲಿಗೆ ನೀರು ಹಾಕಿ, ಗನ್ನಿನ ಮೂತಿಗೆ ಮಗನ ಬೆರಳು ಒತ್ತಿಸಿ ಗಾಳಿ ಬಿಡಿಸಿದಳು. ಗಾಳಿ ಹೊರಗೆ ಹೋಗಲಾರದೆ ಹಿಂದೆ ತಿರುಗಿತು. ಬಟ್ಟಲಲ್ಲಿ ಗುಳುಗುಳು ಅಂತ ಕಪ್ಪೆಲ್ಲ ಮೇಲೆ ಬಂತು. ಜಟ್ಟಿಗೆ ಖುಷಿಯೋ ಖುಷಿ.

"ಕಂಡ್ಯಾ ತಮಾ? ಬಣ್ಣ ಬದಲಾಯ್ತೋ, ಮೂತಿಗೆ ಬೆರಳು ಒತ್ತು. ಒಳಗೆ ಗುಳುಗುಳು ಅನ್ನಬೇಕು. ಹಳೇದೆಲ್ಲ ಹೊರಗೆ ಬರೋವರೆಗೂ ಬಿಡಬೇಡ."

"ಹೂಂ."

ಹಳದಿ ಕಣ್ಣು ಇಟ್ಟ. ಒಂದೂ ಕೆಡಲಿಲ್ಲ. ಬಿಳಿ ಹೊಟ್ಟೆ, ಕೆಂಪು ಕಿವಿರು, ಕಪ್ಪು ಬೆನ್ನು, ಹಳದಿ ಕಣ್ಣು. ನೀರಿಗೆ ಬಿಟ್ಟರೆ ಈಜಿ ಹೋಗುವಂತಿದ್ದವು. ಮಾಸ್ತಮ್ಮ ಮಗನ ತಲೆ ನೇವರಿಸಿದಳು.

ಸಂಜೆ ಶಾನಭಾಗರು ಬಂದರು, ಈ ಸಲ ಕಪ್ಪು ಪ್ಯಾಂಟು ಹಾಕಿಕೊಂಡು, ಬೆನ್ನನ್ನು ಗೋಡೆಯ ಕಡೆಗೇ ಇಟ್ಟುಕೊಂಡು. ಮೀನು ತಿರುಗಿಸಿ ತಿರುಗಿಸಿ ನೋಡಿದರು. "ಅಡ್ಡಿಲ್ಲ ಮಾಸ್ತಮ್ಮ, ನಿನ್ನ ಕೈಗಿಂತ ಒಳ್ಳೇದಾಗಿದೆ. ಎಲ್ಲ ಒಯ್ತೇನೆ" ಅಂದರು. ಬುಟ್ಟಿಯನ್ನು ಕಂಕುಳಿಗೆ ಏರಿಸಿದರು. ಅವಳು ಕೊಟ್ಟ ಕೋಕಂ ಶರಬತ್ತನ್ನು ಬಾಯಿ ತುಂಬ ತುಂಬಿಕೊಂಡರು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಮಾಸ್ತಮ್ಮನಿಗೆ ಮನಸ್ಸು ತಡೆಯಲಿಲ್ಲ.

"ನಿನ್ನೆಯ ಪಂಚೆ ವಿಷಯ ಮನಸ್ಸಿಗೆ ಹಾಕ್ಕೋಬೇಡಿ ಸಾವ್ಕಾರ್ರೇ."

ಶಾನಭಾಗರಿಗೆ ದೋಣಿಯ ಮುದುಕಿ ನೆನಪಾದಳು, ಮೂಲಂಗಿ ನೆನಪಾಯಿತು. ಬೆಳ್ಳಗಿನ ಮುಖ ಕೆಂಪೇರಿತು.

ಜಟ್ಟಿ ಅದನ್ನು ಕಂಡ. ಸರಕ್ಕನೆ ಎದ್ದು ಬಂದು ಅವರ ಮೂತಿಗೆ ಬೆರಳು ಒತ್ತಿ ಹಿಡಿದ.

ಒಳಗೆ ಗುಳುಗುಳು ಅಂತು. ಕೋಕಂ ಮೂಗಿನ ಎರಡೂ ಕಡೆಯಿಂದ ಕೆಂಪಗೆ ಇಳಿಯಿತು.

"ಬಂತವ್ವ, ಹಳೇದೆಲ್ಲ ಬಂತು" ಅಂದು ಜಟ್ಟಿ ಬೆರಳು ತೆಗೆದ.

ಶಾನಭಾಗರು ಕೆಮ್ಮಿ, ಸೀನಿ, ಉಸಿರು ಎಳೆದುಕೊಂಡರು. ಎದುರಿಗೆ ಆ ಬೆರಳು ಇನ್ನೂ ಎತ್ತಿಯೇ ಇತ್ತು. ಹೆದರಿಕೆಗೆ ಅವರ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು.

"ಅವ್ವ, ಮತ್ತೆ ಬದಲಾಯ್ತು" ಅಂದ ಜಟ್ಟಿ.

ಶಾನಭಾಗರು ಬುಟ್ಟಿ ಬಿಡದೆ ದೋಣಿಯ ಕಡೆ ಓಡಿದರು. ಹಿಂದೆ ಜಟ್ಟಿ, ಒಂದು ಕೈಯಲ್ಲಿ ಉಳಿದ ಶರಬತ್ತಿನ ಲೋಟ, ಇನ್ನೊಂದು ಕೈಯ ಬೆರಳು ಮುಂದೆ ಮಾಡಿಕೊಂಡು. "ನಿಲ್ಲಿ ಸಾವ್ಕಾರ್ರೇ, ಇನ್ನೊಂದು ಸಲ ತೊಳೀಬೇಕು."