ಅಧ್ಯಕ್ಷರ ಬಲಗೈ

ಮಕ್ಕಳ ಗ್ರಾಮಸಭೆ ಎಂದರೆ ಅಧ್ಯಕ್ಷ ಕೆಂಪರಾಜಪ್ಪನವರಿಗೆ ಬಿಸ್ಕತ್ತು ಹಂಚಿ ಮುಗಿಸುವ ಕೆಲಸ. ಈ ಸಲ ಮಕ್ಕಳು ಬಿಸ್ಕತ್ತು ಮುಟ್ಟಲಿಲ್ಲ. ಹತ್ತನೇ ಕ್ಲಾಸಿನ ಭುವನಾ ಎದ್ದು ನಿಂತಳು.

"ಸ್ಕೂಲ್ ಸುತ್ತಮುತ್ತ ಬೀಡಿ, ಗುಟ್ಕಾ, ವೇಪ್ ಅನ್ನೋ ಬ್ಯಾಟರಿ ಸಿಗರೇಟು, ಯಾವುದನ್ನೂ ಮಾರಬಾರದು ಅಂತ ಇವತ್ತೇ ಠರಾವು ಮಾಡಿ ಸಾರ್."

ಸ್ಕೂಲ್ ಎದುರಿನ ಅಂಗಡಿ ಅಧ್ಯಕ್ಷರ ಭಾಮೈದನದು. ಅವರು ನಕ್ಕರು.

"ಬೀಡಿ, ಗುಟ್ಕಾ ಸರಿ. ವೇಪ್ ಏನಮ್ಮ ಪಾಪ ಮಾಡಿತ್ತು? ಅದು ಹೊಗೆಯಲ್ಲ, ಮಾವಿನಹಣ್ಣಿನ ಘಮದ ಹಬೆ. ನೆಗಡಿ ಬಂದಾಗ ಕಂಬಳಿ ಹೊದ್ದು ತಗೋತೀವಲ್ಲ, ಅಂಥದ್ದೇ. ಅಲ್ಲ ಅಂತ ತೋರಿಸು, ಈಗಲೇ ಸಹಿ ಹಾಕ್ತೀನಿ."

ಈ ಮಾತನ್ನು ಅವರು ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಭುವನಾ ತಯಾರಾಗಿಯೇ ಬಂದಿದ್ದಳು. ಸಹಪಾಠಿಯೊಬ್ಬನಿಂದ ಕಿತ್ತುಕೊಂಡಿದ್ದ ವೇಪನ್ನು ಅಧ್ಯಕ್ಷರ ಬಲಗೈಗೆ ಕೊಟ್ಟಳು. ಆಮೇಲೆ ಬಾಗಿಲ ಕಡೆ ತಿರುಗಿ, "ಬನ್ನಿ ಅಜ್ಜಿ" ಎಂದಳು.

ಕೋಲೂರಿಕೊಂಡು ಒಳಗೆ ಬಂದವರು ಅಧ್ಯಕ್ಷರ ತಾಯಿ ಪುಟ್ಟನಂಜಮ್ಮ.

ಆ ಊರಿನಲ್ಲಿ ಎಂಥ ದೊಡ್ಡ ಮನುಷ್ಯನೂ ಹೆತ್ತವ್ವನ ಎದುರು ಬೀಡಿ ಸೇದುವುದಿಲ್ಲ. ಕೆಂಪರಾಜಪ್ಪನವರು ದಡಬಡಿಸಿ ಎದ್ದರು. ವೇಪ್ ಹಿಡಿದ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು.

"ಏನೋ ಅದು, ಬಚ್ಚಿಡ್ತಿರೋದು?"

"ಏನಿಲ್ಲ ಕಣವ್ವ... ಹಬೆ."

"ಹಬೆ ತಗೊಳ್ಳೋವಾಗ ನಿಂಗೆ ಕಂಬಳಿ ಹೊದಿಸ್ತಿದ್ದವಳೇ ನಾನು. ಅದನ್ನ ನನ್ನಿಂದ ಯಾಕೋ ಮುಚ್ಚಿಡ್ತೀಯ?"

ಸಭೆಗೆ ಸಭೆಯೇ ಘೊಳ್ಳೆಂದು ನಕ್ಕಿತು. ಭುವನಾ ಮಾತ್ರ ನಗಲಿಲ್ಲ. ಠರಾವು ಪುಸ್ತಕವನ್ನು ಅಧ್ಯಕ್ಷರ ಮುಂದಿಟ್ಟು ಪೆನ್ನು ಚಾಚಿದಳು.

"ಸಹಿಗೆ ಬಲಗೈ ಬೇಕು ಸಾರ್. ಮುಂದಕ್ಕೆ ತನ್ನಿ."